ಹಿಮ ಮುಚ್ಚಿದ ಹೊಲಕ್ಕೆ ಸ್ನೋಮೊಬೈಲ್ ನುಗ್ಗಿದರೆ ಏನು ಮಾಡಬೇಕು?

ಕೆನಡಾದ ಒಂಟಾರಿಯೊದಲ್ಲಿ ಹೊಲ, ತೋಪು ಇಟ್ಟುಕೊಂಡವರಿಗೆ ಚಳಿಗಾಲದ ತಲೆನೋವು ಇದು. ಬೆಳಗ್ಗೆ ಎದ್ದು ನೋಡಿದರೆ ಹೊಲದ ನಡುವೆ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿ, ಹಾದ ಪಟ್ಟಿ. ಯಾರೋ ಕೇಳದೆ ನುಗ್ಗಿದ್ದಾರೆ. ಟೊರಾಂಟೊ ಬಿಟ್ಟು ಆಚೆ ಜಮೀನು ನೋಡುತ್ತಿರುವ ಕನ್ನಡಿಗರಿಗೂ ಇದು ಗೊತ್ತಿರಲಿ.

ಮೊದಲು ನಷ್ಟ ಎಲ್ಲಿ ಆಗುತ್ತದೆ ಎಂದು ನೋಡಿ. ಬರೀ ಹಿಮ ತಾನೆ ಅಂತ ಸವಾರರು ಅಂದುಕೊಳ್ಳುತ್ತಾರೆ. ಅದರ ಕೆಳಗೆ ಗೋಧಿ ಇರುತ್ತದೆ! ಚಳಿಗಾಲದ ಗೋಧಿಯನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಬಿತ್ತಿರುತ್ತಾರೆ. ಸಡಿಲ ಹಿಮದಲ್ಲಿ ಗಾಳಿ ಜಾಸ್ತಿ, ಎಳೆ ಪೈರಿಗೆ ಅದೇ ಕಂಬಳಿ. ಗಾಡಿ ಪದೇ ಪದೇ ಹಾದು ಹಿಮ ಗಟ್ಟಿಯಾದರೆ ಚಳಿ ಸೀದಾ ಬುಡಕ್ಕೆ ಇಳಿಯುತ್ತದೆ. ಮೇಲೆ ಮಂಜುಗಡ್ಡೆ ಕಟ್ಟಿ ಪೈರು ಉಸಿರುಗಟ್ಟಿ ಸಾಯುತ್ತದೆ. ಮೇಪಲ್ ತೋಪಿನಲ್ಲಾದರೆ ಮರದ ರಸ ಇಳಿಸುವ ಪ್ಲಾಸ್ಟಿಕ್ ಪೈಪು ಕಿತ್ತುಹೋಗುತ್ತದೆ. ಹಿಮದಡಿ ಅಡಗಿದ ಪೈನ್ ಸಸಿಯ ತುದಿ ಮುರಿಯುತ್ತದೆ.

ಆಮೇಲೆ ಗುರುತು ಹಾಕಿ. ಅಲ್ಲಿನ ಅತಿಕ್ರಮ ಪ್ರವೇಶ ಕಾಯ್ದೆ ಪ್ರಕಾರ ಸಾಗುವಳಿ ಹೊಲಕ್ಕೆ ಬೋರ್ಡ್ ಇಲ್ಲದಿದ್ದರೂ ಒಪ್ಪಿಗೆಯಿಲ್ಲದೆ ಬರುವಂತಿಲ್ಲ. ಆದರೂ ಬೋರ್ಡ್ ಇದ್ದರೆ ವಾದಕ್ಕೆ ಜಾಗವೇ ಇರುವುದಿಲ್ಲ. ಕೆಂಪು ಬಣ್ಣದ ಗುರುತೆಂದರೆ ಪ್ರವೇಶ ಇಲ್ಲ ಎಂದೇ ಅರ್ಥ. ಅದು 10 ಸೆಂ.ಮೀ. ಅಗಲದ ವೃತ್ತಕ್ಕಿಂತ ಚಿಕ್ಕದಾಗಬಾರದು. ಜನ ಒಳಬರುವ ಪ್ರತಿ ದಾರಿಯಲ್ಲೂ ಹಗಲು ಬೆಳಕಿನಲ್ಲಿ ಎದ್ದು ಕಾಣಬೇಕು. ಹಿಮ ಎಷ್ಟು ಎತ್ತರ ಬೀಳುತ್ತದೆ ಅಂತ ಅಂದಾಜು ಮಾಡಿ ಅದಕ್ಕಿಂತ ಮೇಲೆ ಬಳಿಯಿರಿ.

ಎಷ್ಟೇ ಕೋಪ ಬರಲಿ, ದಾರಿಗೆ ಅಡ್ಡ ತಂತಿಯನ್ನೋ ಹಗ್ಗವನ್ನೋ ಮಾತ್ರ ಕಟ್ಟಬೇಡಿ. ರಾತ್ರಿ ಹೆಡ್‌ಲೈಟಿನಲ್ಲಿ ತೆಳ್ಳನೆ ತಂತಿ ಕಾಣುವುದಿಲ್ಲ, ಅದು ಸಿಗುವುದು ಸವಾರನ ಕುತ್ತಿಗೆಗೆ. ಜನರಿಗೆ ಪೆಟ್ಟಾಗುವಂತೆ ಬಲೆ ಒಡ್ಡುವುದು ಕೆನಡಾದ ಕ್ರಿಮಿನಲ್ ಕಾನೂನಿನಲ್ಲಿ ಅಪರಾಧ. ಬೆಳೆ ಕಳೆದುಕೊಂಡ ನೀವೇ ಆರೋಪಿಯಾಗುತ್ತೀರಿ. ಗೇಟ್ ಹಾಕಲೇಬೇಕಿದ್ದರೆ ಹೊಳೆಯುವ ಪಟ್ಟಿ ಅಂಟಿಸಿ, ಸಾಕಷ್ಟು ಮುಂಚೆಯೇ ಎಚ್ಚರಿಕೆ ಬೋರ್ಡ್ ನೆಡಿ.

ನುಗ್ಗಿದವರನ್ನು ಅಟ್ಟಿಸಿಕೊಂಡು ಹೋಗಬೇಡಿ. ಗಾಡಿಯ ಮುಂಭಾಗದ ಎರಡೂ ಬದಿ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನೂ ಜಾಡನ್ನೂ ಫೋಟೊ ತೆಗೆದು, ದಿನಾಂಕ ಬರೆದಿಟ್ಟು ಪೊಲೀಸರಿಗೆ ಕೊಡಿ. ದಂಡ 10,000 ಡಾಲರ್‌ವರೆಗೂ ಹೋಗಬಹುದು. ತಪ್ಪು ಸಾಬೀತಾದರೆ ಬೆಳೆ ನಷ್ಟವನ್ನೂ ಕೇಳಬಹುದು.

ಇಷ್ಟಕ್ಕೂ ಜಾಸ್ತಿ ಕೆಲಸಕ್ಕೆ ಬರುವುದು ಹತ್ತಿರದ ಸ್ನೋಮೊಬೈಲ್ ಕ್ಲಬ್. ಬಹಳ ಜನ ಕ್ಲಬ್ಬಿನವರನ್ನೂ ಶತ್ರುಗಳೆಂದೇ ನೋಡುತ್ತಾರೆ, ಅದು ಸರಿಯಲ್ಲ. ಅವರ ಟ್ರೇಲ್, ಅಂದರೆ ಗಾಡಿ ಓಡಿಸಲು ಗೊತ್ತುಮಾಡಿದ ದಾರಿ, ನಿಂತಿರುವುದೇ ರೈತರ ಒಪ್ಪಿಗೆಯ ಮೇಲೆ. ಒಬ್ಬರು ಬೇಡ ಎಂದರೂ ಇಡೀ ದಾರಿ ತುಂಡಾಗುತ್ತದೆ, ಹಾಗಾಗಿ ಅಡ್ಡದಾರಿ ಹಿಡಿಯುವವರನ್ನು ಕಂಡರೆ ಅವರಿಗೂ ಸಿಟ್ಟು. ಅವರಿಗೆ ಹೇಳಿದರೆ ದಾರಿಯನ್ನು ಬೇಲಿಯ ಪಕ್ಕಕ್ಕೆ ಸರಿಸಬಹುದು, ಗೂಟ ನೆಟ್ಟು ಬೋರ್ಡ್ ಹಾಕಬಹುದು. ಒಪ್ಪಿಗೆ ಕೊಟ್ಟರೆ ನಾಳೆ ಕೇಸು ಬೀಳಬಹುದು ಎಂಬ ಭಯ ಸಹಜ. ಆದರೆ ಹಣ ಪಡೆಯದೆ ಬಿಟ್ಟಿದ್ದರೆ ಬಿದ್ದು ಗಾಯವಾಗುವ ಅಪಾಯ ಸವಾರನದ್ದೇ ಎಂದು ಒಂಟಾರಿಯೊ ಕಾನೂನು ಹೇಳುತ್ತದೆ. ನೀವು ಬೇಕಂತಲೇ ಅಪಾಯ ಒಡ್ಡಬಾರದು, ತೀರಾ ಬೇಜವಾಬ್ದಾರಿಯಾಗಿ ನಡೆದುಕೊಳ್ಳಬಾರದು, ಅಷ್ಟೇ.

ಈ ಮಾತುಕತೆಗೆ ಹಿಮ ಬೀಳುವ ತನಕ ಕಾಯಬೇಡಿ. ಅಕ್ಟೋಬರ್‌ನಲ್ಲೇ ಕ್ಲಬ್ಬಿನವರನ್ನು ಕರೆದು ಹೊಲದಲ್ಲಿ ನಡೆಸಿ, ಗೋಧಿ ಎಲ್ಲಿದೆ ಅಂತ ತೋರಿಸಿ, ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ.