ಪೈಂಟ್ ಶೆಡ್ಡಿಗೆ ಬೇರೆ ವಿಷ ನುಗ್ಗದಂತೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಪೈಂಟಂಗಡಿಯ ಹಿಂದಿನ ಶೆಡ್ಡಿನಲ್ಲಿ, ಉಳಿದ ಪೈಂಟನ್ನು ಮರುಬಳಕೆಗೆಂದು ಸಂಗ್ರಹಿಸುತ್ತೇನೆ. ನೀವೂ ಹೀಗೆ ಸಂಗ್ರಹಿಸುವುದಾದರೆ, ಡಬ್ಬಿ ನಿಮ್ಮ ಕೈಗೇ ಬರಬೇಕು. ರಾತ್ರಿ ಬಾಗಿಲಲ್ಲಿಟ್ಟು ಹೋಗುವವರಿಂದಲೇ ತಾಪತ್ರಯ. ಹಾಗೆ ಬಂದ ಒಂದು ಎಮಲ್ಷನ್ (ನೀರಿನ ಪೈಂಟ್) ಬಕೆಟಿನ ಮುಚ್ಚಳ ತೆಗೆದರೆ, ಮೇಲೆ ಥಿನ್ನರ್ ತೇಲುತ್ತಿತ್ತು, ಕೆಳಗೆ ಪೈಂಟ್ ಮೊಸರಿನಂತೆ ಒಡೆದಿತ್ತು. ನೋಡದೆ ಸುರಿದಿದ್ದರೆ 200 ಲೀಟರಿನ ಡ್ರಮ್ಮೇ ಹೋಗುತ್ತಿತ್ತು.

ಮುಚ್ಚಳ ತೆಗೆದು ನೋಡಿ, ಮೂಸಬೇಡಿ. ತೋಟದವರನ್ನಂತೂ ಕೇಳಿಯೇ ಕೇಳಿ: “ಭಾವ, ಇದರಲ್ಲಿ ತೋಟದ ಮದ್ದಿಗೆ ಮೈಲುತುತ್ತು ಕಲಸಿದ್ದುಂಟಾ?” ನಗುತ್ತಾರೆ, ಆದರೆ ಹೇಳುತ್ತಾರೆ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಜಿಲ್ಲೆಯಿದು. ಲೇಬಲ್ ಇಲ್ಲದ ಡಬ್ಬಿಯನ್ನು ನಾನು ಮುಟ್ಟುವುದೇ ಇಲ್ಲ.

ನೀರಿನ ಪೈಂಟ್, ಎಣ್ಣೆ ಪೈಂಟ್ ಬೇರೆ ಬೇರೆ. ಕೀಟನಾಶಕ, ಆ್ಯಸಿಡ್, ಬ್ಯಾಟರಿ, ಹಳೆ ಇಂಜಿನ್ ಆಯಿಲ್ ಬೇಡ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಅದೂ ಬೇಡ.

ಕಣ್ತಪ್ಪಿ ಏನಾದರೂ ಒಳಗೆ ಬಂದರೆ ಚರಂಡಿಗೆ ಚೆಲ್ಲಬೇಡಿ, ಇನ್ನೊಂದಕ್ಕೆ ಬೆರೆಸಲೂಬೇಡಿ. ಬಂದ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿ, ಹೊಯ್ಗೆ (ಮರಳು) ತುಂಬಿದ ಬೋಗುಣಿಯಲ್ಲಿ ನಿಲ್ಲಿಸಿ, ಮೇಲೆ ‘ಪೈಂಟ್ ಅಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ನಮ್ಮಲ್ಲಿ ಮಲಯಾಳದಲ್ಲೂ ಬರೆಯಬೇಕು.