ರಿಲೇಷನಲ್ ಥೆರಪಿ ಕಲಿಯಬೇಕು, ಮುಂದೆ ಕಲಿಸಬೇಕು ಅನ್ನುವವರಿಗೆ

ಡಿಗ್ರಿ ವಿಷಯ ಮೊದಲು ಮುಗಿಸಿಬಿಡೋಣ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ ಕೋರ್ಸ್, ಅಲ್ಲಿನ ನೋಂದಣಿ ಎರಡೂ ಬೇಕು. ನಿಮ್ಹಾನ್ಸ್ ಆಗಲಿ, ಬೇರೆ ಕಾಲೇಜಾಗಲಿ, ಫೀಸ್ ಕಟ್ಟುವ ಮೊದಲು ಆ ಕೋರ್ಸ್‌ಗೆ ಈಗ ಮಾನ್ಯತೆ ಇದೆಯಾ ನೋಡಿಕೊಳ್ಳಿ.

ಆದರೆ ಆ ಡಿಗ್ರಿಯಿಂದ ರಿಲೇಷನಲ್ ಥೆರಪಿ, ಅಂದರೆ ಥೆರಪಿಸ್ಟ್ ಮತ್ತು ಕ್ಲೈಂಟ್ ನಡುವಿನ ಸಂಬಂಧವನ್ನೇ ಆಧಾರವಾಗಿ ಇಟ್ಟುಕೊಳ್ಳುವ ಥೆರಪಿ, ಬರುವುದಿಲ್ಲ. 1983ರಲ್ಲಿ ಅಮೆರಿಕದ ಮನೋವಿಶ್ಲೇಷಕರಾದ ಜೇ ಗ್ರೀನ್‌ಬರ್ಗ್ ಮತ್ತು ಸ್ಟೀಫನ್ ಮಿಚೆಲ್ ಬರೆದ ಪುಸ್ತಕದಿಂದ ಈ ದಾರಿಗೆ ಬಲ ಬಂತು. ತಿರುಳು ಇಷ್ಟು: ಥೆರಪಿಸ್ಟ್ ಹೊರಗೆ ನಿಂತು ನೋಡುವವರಲ್ಲ, ಕೋಣೆಯಲ್ಲಿ ನಡೆಯುವುದರಲ್ಲಿ ಅವರ ಪಾಲೂ ಇರುತ್ತದೆ. ಹಾಗಾಗಿ ಮೊದಲು ನೀವೇ ಕ್ಲೈಂಟ್ ಆಗಿ ಕೂರಿ, ಅದೂ ವರ್ಷಗಟ್ಟಲೆ. ಬೆಂಗಳೂರಿನಲ್ಲಿ ಇದಕ್ಕೆ ದುಡ್ಡು ಜಾಸ್ತಿ, ಗೊತ್ತು. ಇನ್ನೊಂದು ಸರ್ಟಿಫಿಕೇಟ್ ಕೋರ್ಸ್ ಬಿಟ್ಟಾದರೂ ಇದನ್ನು ಮಾಡಿ.

ಕಷ್ಟ ಶುರುವಾಗುವುದು ಕ್ಲೈಂಟ್ ಜೊತೆ ಸಂಬಂಧ ಬಿರುಕು ಬಿಟ್ಟಾಗ. ಥೆರಪಿ ಸಂಶೋಧಕರಾದ ಜೆರೆಮಿ ಸಾಫ್ರಾನ್ ಮತ್ತು ಕ್ರಿಸ್ಟಫರ್ ಮುರಾನ್ ಇದರಲ್ಲಿ ಎರಡು ಬಗೆ ಗುರುತಿಸಿದರು: ಕ್ಲೈಂಟ್ ನೇರವಾಗಿ ಸಿಟ್ಟು ತೋರಿಸುವುದು, ಇಲ್ಲವೇ ಮೆಲ್ಲಗೆ ಹಿಂದೆ ಸರಿಯುವುದು. ನಮ್ಮಲ್ಲಿ ಎರಡನೆಯದು ಕಣ್ಣಿಗೆ ಬೀಳುವುದೇ ಕಷ್ಟ, ಯಾಕೆಂದರೆ ಅದು ಮರ್ಯಾದೆಯ ಹಾಗೆ ಕಾಣುತ್ತದೆ. "ಸರಿ ಮೇಡಂ, ನೀವು ಹೇಳಿದ ಹಾಗೇ ಮಾಡ್ತೀನಿ" ಅನ್ನುತ್ತಾರೆ, ಮುಂದಿನ ವಾರ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಮೆಸೇಜ್ ಬರುತ್ತದೆ. ಟ್ರಾಫಿಕ್ ನಿಜವೇ ಇರಬಹುದು. ಆದರೂ ಮುಂದೆ ಸಿಕ್ಕಾಗ ಕೇಳಿ: "ಹೋದ ಸಲ ನಾನು ಸಲಹೆ ಕೊಡೋಕೆ ಅವಸರ ಮಾಡಿದೆ ಅನ್ಸುತ್ತೆ, ನಿಮಗೆ ಹೇಗನ್ನಿಸ್ತು?" ಅವರು ಬೇಜಾರು ಹೇಳಿಕೊಂಡರೆ ಸಮರ್ಥನೆಗೆ ಇಳಿಯಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಹಾಗಂತ ನಿಮ್ಮ ಮನಸ್ಸಿಗೆ ಬಂದದ್ದನ್ನೆಲ್ಲ ಅವರ ಮುಂದೆ ಹೇಳುವುದೂ ಬೇಡ. ಅವರಿಗೆ ಅದು ಉಪಯೋಗಕ್ಕೆ ಬರುತ್ತದಾ ಎಂದು ಮೊದಲು ಯೋಚಿಸಿ.

ಸೂಪರ್‌ವಿಷನ್‌ಗೆ (ಅನುಭವಿ ಥೆರಪಿಸ್ಟ್ ಜೊತೆ ಕೂತು ನಿಮ್ಮ ಸೆಷನ್‌ಗಳನ್ನು ಚರ್ಚಿಸುವುದಕ್ಕೆ) ಹೋಗುವಾಗ ಕ್ಲೈಂಟ್ ಒಪ್ಪಿ ಮಾಡಿದ ರೆಕಾರ್ಡಿಂಗ್ ಒಯ್ಯಿರಿ, ಇಲ್ಲದಿದ್ದರೆ ಸೆಷನ್ ಮುಗಿದ ಕೂಡಲೇ ಇಬ್ಬರ ಮಾತನ್ನೂ ಬರೆದಿಟ್ಟುಕೊಳ್ಳಿ. ಬರೀ ನೆನಪಿನಿಂದ ಹೇಳಿದರೆ ನಾವು ತಡವರಿಸಿದ ಜಾಗವೇ ಬಿಟ್ಟುಹೋಗುತ್ತದೆ, ಅಲ್ವಾ?

ಕಲಿಸುವಾಗ ಲೆಕ್ಚರ್ ಕಡಿಮೆ ಮಾಡಿ, ರೋಲ್‌ಪ್ಲೇ ಮಧ್ಯೆ ನಿಲ್ಲಿಸಿ, ಥೆರಪಿಸ್ಟ್ ಪಾತ್ರ ಮಾಡುವವರನ್ನು "ಈಗ ಕ್ಲೈಂಟ್ ಮೇಲೆ ಏನನ್ನಿಸ್ತಿದೆ?" ಎಂದು ಕೇಳಿ.

ಸೂಪರ್‌ವೈಸರ್ ಆಗುವುದು ಬೇರೆಯೇ ಕಲಿಕೆ. ಕ್ಲೈಂಟ್ ಮತ್ತು ಥೆರಪಿಸ್ಟ್ ನಡುವೆ ಆದದ್ದು ಸೂಪರ್‌ವಿಷನ್‌ನಲ್ಲೂ ಮರುಕಳಿಸಬಹುದು ಎಂದು ಅಮೆರಿಕದ ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಬರೆದರು. ನಿಮಗೆ ಇದ್ದಕ್ಕಿದ್ದಂತೆ ಬುದ್ಧಿ ಹೇಳುವ ಆತುರ ಬಂದರೆ, ನಿಮ್ಮ ಮುಂದಿರುವ ಥೆರಪಿಸ್ಟ್ ಕೂಡ ಕ್ಲೈಂಟ್‌ಗೆ ಹಾಗೇ ಮಾಡಿರಬಹುದು. ಅದನ್ನೇ ಮಾತಿಗೆ ತನ್ನಿ. ಆದರೆ ಅವರಿಗೆ ನೀವೇ ಥೆರಪಿ ಕೊಡಲು ಹೋಗಬೇಡಿ, ಅದಕ್ಕೆ ಬೇರೆಯವರ ಹತ್ತಿರ ಕಳಿಸಿ.