ಬ್ಲೂಟೂತ್ ಬ್ಯಾಂಡ್, ಬಿಪಿ ಮಷಿನ್ ಹೊಸ ಫೋನಿಗೆ ಪೇರ್ ಆಗ್ತಿಲ್ವಾ?

ಮೊದಲು ಹಳೇ ಫೋನಿನ ಬ್ಲೂಟೂತ್ ಆಫ್ ಮಾಡಿ. ಇಂಥ ಬಹುತೇಕ ಸಾಧನಗಳು ಒಂದು ಫೋನಿಗೆ ಕನೆಕ್ಟ್ ಆದರೆ ಇನ್ನೊಂದರ ಪಟ್ಟಿಯಲ್ಲಿ ಕಾಣಿಸಲ್ಲ.

ಹೆಸರು ಕಾಣುತ್ತೆ, ಕನೆಕ್ಟ್ ಆದ ತಕ್ಷಣ ಕಟ್ ಆಗುತ್ತೆ ಅಂದರೆ ಬಹುಶಃ ಕೀ (ಫೋನು, ಸಾಧನ ಒಂದನ್ನೊಂದು ಗುರುತಿಸೋ ಕೋಡ್) ತಾಳೆಯಾಗ್ತಿಲ್ಲ. ಪೇರ್ ಆದಾಗ ಗುಪ್ತ ಕೀ ಎರಡೂ ಕಡೆ ಉಳಿಯುತ್ತೆ. ಫೋನಿನಲ್ಲಿ ಮಾತ್ರ 'ಫರ್ಗೆಟ್' ಕೊಟ್ಟರೆ ಸಾಧನದಲ್ಲಿ ಹಳೇದು ಹಾಗೇ ಕೂತಿರುತ್ತೆ. ಅದನ್ನೂ ರೀಸೆಟ್ ಮಾಡಿ (ಯಾವ ಬಟನ್ ಅಂತ ಮ್ಯಾನ್ಯುಯಲ್ ನೋಡಿ, ಮಾದರಿಗೊಂದು ಥರ!). ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಿಂದಲ್ಲ, ಕಂಪನಿಯ ಆ್ಯಪ್ ಒಳಗಿಂದಲೇ ಸೇರಿಸಿ.

ಆಂಡ್ರಾಯ್ಡ್ 11ರವರೆಗಿನ ಫೋನಾದರೆ ಲೊಕೇಶನ್ ಆನ್ ಇರಲಿ. 12ರಿಂದ 'ನಿಯರ್‌ಬೈ ಡಿವೈಸಸ್' ಅನುಮತಿ ಕೊಡಿ.

ಸಾಧನದಲ್ಲಿ ಸಿಆರ್2032 ಸೆಲ್ (ನಾಣ್ಯದಂಥ ಚಪ್ಪಟೆ ಬ್ಯಾಟರಿ) ಇದ್ದರೆ ಹೊಸದು ಹಾಕಿ ನೋಡಿ. ಹಳೇದು ಮಲ್ಟಿಮೀಟರಿನಲ್ಲಿ 2.9 ವೋಲ್ಟ್ ತೋರಿಸಿದರೂ ರೇಡಿಯೊ ಕರೆಂಟ್ ಎಳೆದಾಗ ಕುಸಿಯಬಹುದು.